ಸಂಗನಗೌಡನ ಕೈಯ ಕೋಲು

ನಾನೊಂದು ಬೆತ್ತದ ಕೋಲು. ಘಟ್ಟದ ಕಾಡಿನಲ್ಲಿ ಮರಕ್ಕೆ ಹಬ್ಬಿ ಬೆಳೆದಿದ್ದ ನನ್ನನ್ನು ಕಡಿದು, ಹೊರೆ ಕಟ್ಟಿ, ಗದಗಿನ ಮೇದಾರ ಓಣಿಗೆ ತಂದರು. ಅಲ್ಲಿ ಫಕೀರವ್ವ ಎಂಬಾಕೆ ನನ್ನನ್ನು ಕೆಂಡದ ಮೇಲೆ ಕಾಯಿಸಿ, ಮೊಣಕಾಲಿಗೆ ಒತ್ತಿ ಹಿಡಿಕೆಯನ್ನು ಬಗ್ಗಿಸಿದಳು. ನನಗೆ ಬಗ್ಗುವ ಮನಸ್ಸಿರಲಿಲ್ಲ. ಎರಡು ಸಲ ಅವಳ ಕೈಯಿಂದ ಚಿಮ್ಮಿ ನೆಟ್ಟಗಾದೆ. ಮೂರನೆಯ ಸಲ ಅವಳು ಹಗ್ಗ ಬಿಗಿದು ಎರಡು ದಿನ ನೆರಳಲ್ಲಿಟ್ಟಳು. ಬಿಚ್ಚಿದಾಗ ನಾನು ಕೋಲಾಗಿದ್ದೆ.

ಯಾವನೋ ಮುದುಕನ ಜೊತೆ ಸಂಜೆ ಕಟ್ಟೆಯವರೆಗೆ ಹೋಗಿ ಬರುವುದೇ ನನ್ನ ಬದುಕು ಎಂದುಕೊಂಡಿದ್ದೆ. ಆದರೆ ನನ್ನನ್ನು ಕೊಂಡವರು ರಾಚಪ್ಪ ಮಾಸ್ತರರು. ಅವರದೊಂದು ನಾಟಕ ಕಂಪನಿ ಇತ್ತು. ನಾಟಕ ಬರೆಯುವವರೂ ಅವರೇ, ಕಲಿಸುವವರೂ ಅವರೇ. ನಿಂತಲ್ಲಿ ನಿಲ್ಲದ ಮನುಷ್ಯ. ಅಂಗಡಿಯ ಮುಂದಿನ ಕಲ್ಲಿಗೆ ನನ್ನನ್ನು ಬಡಿದು ಕಿವಿಗೊಟ್ಟು ಕೇಳಿದರು.

“ಸಪ್ಪಳ ಚಲೋ ಐತಿ. ಕಡೀ ಸಾಲಿಗೂ ಕೇಳತೈತಿ,” ಎಂದರು.

ಅವರ ಹೊಸ ನಾಟಕದಲ್ಲಿ ಸಂಗನಗೌಡ ಎಂಬ ಪಾತ್ರವಿತ್ತು. ಅವನ ಒಬ್ಬನೇ ಮಗ ತೀರಿಕೊಂಡಿದ್ದಾನೆ. ವಿಧವೆ ಸೊಸೆ ಗಂಗಾ ಪಟ್ಟಣಕ್ಕೆ ಹೋಗಿ ಶಾಲೆಯ ಮಾಸ್ತರಿಕೆ ಕಲಿಯಬೇಕೆನ್ನುತ್ತಾಳೆ. ಗೌಡ ಬಾಗಿಲಿಗೆ ಕೋಲು ಅಡ್ಡ ಹಿಡಿದು ನಿಲ್ಲುತ್ತಾನೆ. ಆ ಕೋಲು ನಾನು. ಕೊನೆಯ ದೃಶ್ಯದಲ್ಲಿ ಗೌಡ ನನ್ನನ್ನು ಎಸೆದು, “ತಪ್ಪಾತು ಮಗಳ, ಹೋಗು,” ಎನ್ನುತ್ತಾನೆ. ಪರದೆ ಬೀಳುತ್ತದೆ.

ಮೊದಲು ಗೌಡನಾದವನು ದ್ಯಾಮಪ್ಪ. ದೊಡ್ಡ ಮೈ, ದೊಡ್ಡ ದನಿ. ಅವನ ಮುಷ್ಟಿಯಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ರಂಗದ ಹಲಗೆಗೆ ನನ್ನನ್ನು ಬಡಿದು ಬಡಿದು ನನ್ನ ತುದಿ ಸೀಳಿತು. ಮಾಸ್ತರರು ಕಬ್ಬಿಣದ ಬಳೆ ಹಾಕಿಸಿದರು. ಅವನು ಗುಡುಗಿದಷ್ಟೂ ಜನ ಶಿಳ್ಳೆ ಹೊಡೆದರು. ಗಂಗಾ ಆಗುತ್ತಿದ್ದ ಇಂದುಬಾಯಿ ಹೆಗಲ ಸೆರಗು ಬಿಗಿದು ತಿರುಗಿ ನಿಂತರೆ ಹೆಂಗಸರ ಕಡೆಯಿಂದ ಚಪ್ಪಾಳೆ. ಕೆಟ್ಟವನು ಯಾರು, ಒಳ್ಳೆಯವಳು ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಕೆಟ್ಟವನು ಬಗ್ಗುತ್ತಿದ್ದ, ಜನ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು.

ಕಂಪನಿ ಇಳಕಲ್ಲಿನಲ್ಲಿ ಬೀಡು ಬಿಟ್ಟಿದ್ದಾಗ ಒಂದು ಮುಂಜಾನೆ ದ್ಯಾಮಪ್ಪನ ಟ್ರಂಕು ಇರಲಿಲ್ಲ, ದ್ಯಾಮಪ್ಪನೂ ಇರಲಿಲ್ಲ. ಬೇರೆ ಕಂಪನಿ ಕರೆದಿತ್ತು, ಹೋಗಿದ್ದ. ಮಧ್ಯಾಹ್ನಕ್ಕೆ ಆಟ. ಮಾತೆಲ್ಲ ಬಾಯಿಪಾಠವಿದ್ದವನು ಒಬ್ಬನೇ: ಮಕ್ತುಮಸಾಬ. ಹದಿನೆಂಟು ವರ್ಷ ಪರದೆಯ ಮರೆಯಲ್ಲಿ ಕೂತು, ನಟರು ಮರೆತ ಮಾತನ್ನು ಮೆಲ್ಲಗೆ ಎತ್ತಿಕೊಡುತ್ತಿದ್ದವನು. ಪಿಸುಗುಟ್ಟಿ ಪಿಸುಗುಟ್ಟಿ ಅವನ ದನಿ ಸಣ್ಣಗಾಗಿತ್ತು. ನನ್ನನ್ನು ಅವನು ಎರಡೂ ಕೈಯಿಂದ, ಬಾವಿಯ ಹಗ್ಗ ಹಿಡಿದಂತೆ ಹಿಡಿದ.

ಅವತ್ತು ಗೌಡ ಗುಡುಗಲಿಲ್ಲ. ಬಾಗಿಲಲ್ಲಿ ನಿಂತು, ಬೀದಿಯ ಕಡೆ ಒಮ್ಮೆ ನೋಡಿ, ಸೊಸೆಯ ಕಡೆ ನೋಡಿ, ಅದೇ ಮಾತುಗಳನ್ನು ನಡುಗುತ್ತ ಹೇಳಿದ. ಜನ ಗುಸುಗುಸು ಅಂದರು. ಒಬ್ಬ “ಜೋರಾಗಿ ಹೇಳೋ” ಎಂದ. ಇಂದುಬಾಯಿಯ ಸಿಟ್ಟಿನ ಮಾತುಗಳು ಎಲ್ಲಿಯೂ ನಾಟದೆ ಬಿದ್ದವು.

ಒಳಗೆ ಬಂದು ಅವಳು ಹೇಳಿದಳು, “ಕಾಕಾ, ನೀವು ಹಿಂಗ ಅಂಜಿ ನಿಂತ್ರ ನಾ ಯಾರ ಮ್ಯಾಲೆ ಸಿಟ್ಟಾಗಲಿ?”

“ಅಂವಾ ಅಂಜಿದಾಂವನ ಅದಾನವ್ವ,” ಎಂದ ಮಕ್ತುಮಸಾಬ. “ಮಗ ಹೋದ. ಈಕೀನೂ ಹೋದ್ರ ಖಾಲಿ ಮನ್ಯಾಗ ಒಬ್ಬನ ಇರಬೇಕು. ಊರಾಗಿನ ಮಂದಿ ಏನಂದಾರು ಅಂತ ಬ್ಯಾರೆ. ಹಂತಾಂವ ಹೆಂಗ ಒದರ್ತಾನ?”

ಮಾಸ್ತರರು ಬಂದವರೇ, “ನಾ ಬರದದ್ದು ಸೊಕ್ಕಿನ ನಾಟಕ. ನೀ ಅದನ್ನ ಅಂಜಿಕಿ ನಾಟಕ ಮಾಡೀದಿ,” ಎಂದರು.

“ಒಂದ ಮಾತೂ ಬದಲ ಮಾಡಿಲ್ರಿ.”

“ಮಾತ ಬದಲಾಗಿಲ್ಲ, ಮನಷ್ಯಾ ಬದಲಾದ. ಅಂವಾ ಬದಲಾದ ಮ್ಯಾಲೆ ಜಗಳ ಹೆಂಗ ಅದ ಉಳೀತೈತಿ? ನಾಟಕ ಹೆಂಗ ಅದ ಉಳೀತೈತಿ?” ಅವರು ಆಚೆ ಈಚೆ ಓಡಾಡಿದರು. “ಮುಂದಿನ ಐತವಾರದ ತನಕ ಮಾಡು. ಅಷ್ಟರಾಗ ಬ್ಯಾರೆ ಗೌಡನ್ನ ಹುಡುಕ್ತೀನಿ.”

ಹದಿನೆಂಟು ವರ್ಷ ಕಾದವನಿಗೆ ಸಿಕ್ಕಿದ್ದು ಒಂದು ವಾರ. ಆ ವಾರವಿಡೀ ಅವನ ಅಂಗೈ ಒಣಗಲಿಲ್ಲ. ಆದರೂ ನಾಲ್ಕನೆಯ ದಿನದ ಹೊತ್ತಿಗೆ ಗುಸುಗುಸು ನಿಂತಿತ್ತು. ಗಂಡಸರು ತಲೆ ತಗ್ಗಿಸಿ ಕೂರುತ್ತಿದ್ದರು. ಗೌಡ ಅತ್ತರೆ ಅವರೂ ಮೂಗು ಒರೆಸಿಕೊಳ್ಳುತ್ತಿದ್ದರು. ಗೆದ್ದೆವು ಎಂದುಕೊಂಡೆ.

ಶನಿವಾರ ಆಟ ಮುಗಿದ ಮೇಲೆ ಒಬ್ಬಾಕೆ ಬಣ್ಣದ ಕೋಣೆಯ ಬಾಗಿಲಿಗೆ ಬಂದಳು. ನೇಕಾರರ ಮನೆಯವಳು, ಬೆರಳಿಗೆಲ್ಲ ನೂಲಿನ ಬಣ್ಣ. ಮಕ್ತುಮಸಾಬ ಮೆಚ್ಚುಗೆಯ ಮಾತಿಗೆ ಸಿದ್ಧನಾಗಿ ಎದ್ದು ನಿಂತ.

“ಹ್ವಾದ ತಿಂಗಳ ಈ ಆಟಾ ನೋಡಿದ್ದೆ,” ಎಂದಳು ಅವಳು. “ಅವತ್ತ ಗೌಡನ್ನ ಮನಸಾರೆ ಬೈದು ಹ್ವಾದೆ. ನಮ್ಮ ಮಾವಾನೂ ಹಂಗ ಅದಾನ. ಜೀವಾ ಹಗರ ಆಗಿತ್ತು. ಇವತ್ತ ನೀವು ಅಂವನ್ನ ಅಳಿಸಿದ್ರಿ, ನನಗ ಅಯ್ಯೋ ಅನಿಸ್ತು. ಅಂವಗ ಅಯ್ಯೋ ಅಂದ್ರ ನನ್ನ ಬಾಗಲಾ ತೆರೀತೈತೇನ್ರಿ? ಈಗ ಬೈಯಾಕೂ ಬಾಯಿ ಬರವಲ್ತು.”

ಉತ್ತರಕ್ಕೆ ಕಾಯದೆ ಹೊರಟುಹೋದಳು. ಮಕ್ತುಮಸಾಬ ಮುಖದ ಬಣ್ಣ ಒರೆಸುವುದನ್ನೂ ಮರೆತು ಕೂತ. ಮರುದಿನ ಬೆಳಿಗ್ಗೆ ಖಾಲಿ ಥೇಟರಿನಲ್ಲಿ ಕುರ್ಚಿಗಳ ನಡುವೆ ನನ್ನನ್ನು ಊರಿಕೊಂಡು ಓಡಾಡಿದ. ಒಂದು ಸುತ್ತು, ಹತ್ತು ಸುತ್ತು. ನನ್ನ ಕಬ್ಬಿಣದ ಬಳೆ ಸಡಿಲಾಯಿತು. ಅವನು ಏನನ್ನು ಹುಡುಕುತ್ತಿದ್ದಾನೆಂದು ನನಗೆ ತಿಳಿಯಲಿಲ್ಲ.

ಭಾನುವಾರ, ಅವನ ವಾಯಿದೆಯ ಕಡೆಯ ಆಟದಲ್ಲಿ ಕೊನೆಯ ದೃಶ್ಯ ಬಂತು. ಅವನು ನನ್ನನ್ನು ಎಸೆಯಬೇಕು. ಎಸೆಯಲಿಲ್ಲ. ಬಾಗಿಲಿಗೆ ಅಡ್ಡ ಹಿಡಿದೇ ನಿಂತ.

“ಕಾಕಾ, ಕೋಲು,” ಎಂದು ಇಂದುಬಾಯಿ ತುಟಿ ಅಲುಗಿಸದೆ ಪಿಸುಗುಟ್ಟಿದಳು.

ಅವನು ಒಲ್ಲೆನೆಂದು ತಲೆಯಾಡಿಸಿದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೆ ದಾರಿ ಬಿಡಲಿಲ್ಲ. ಪೇಟಿ ನುಡಿಸುವವನು ಸ್ವರ ಎಳೆದು ಎಳೆದು ಸುಮ್ಮನಾದ. ಇಂದುಬಾಯಿ ಅವನನ್ನು ನೋಡಿದಳು. ಮುಂದೆ ಹೇಳಲು ಅವಳಿಗೆ ಯಾರೂ ಮಾತು ಬರೆದುಕೊಟ್ಟಿರಲಿಲ್ಲ. ಅವಳು ಹತ್ತಿರ ಬಂದು ನನ್ನ ನಡುವನ್ನು ಹಿಡಿದಳು.

“ಮಾವಾರ, ನೀವು ಅಳೂದು ನನಗ ಕಾಣತೈತಿ. ಅದನ್ನ ನೋಡ್ಕೊಂತ ನಾ ಇಲ್ಲೇ ಕುಂಡ್ರಾಕ ಆಗೂದಿಲ್ಲ.”

ನನ್ನನ್ನು ಪಕ್ಕಕ್ಕೆ ತಳ್ಳಿ ಹೊರಗೆ ಹೋದಳು. ಅವನು ಪೂರ್ತಿ ಬಲದಿಂದ ಹಿಡಿದಿದ್ದ. ಅದನ್ನು ನಾನು ಬಲ್ಲೆ. ಪರದೆ ಎಳೆಯುವವನು ಕೂಡ ಮರೆತು ನಿಂತಿದ್ದ. ಒಂದೂ ಚಪ್ಪಾಳೆ ಬೀಳಲಿಲ್ಲ. ಜನ ಎದ್ದು ಹೋಗಲೂ ಇಲ್ಲ.

ಮಾಸ್ತರರು ಒಳಗೆ ಬಂದರು. ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ನಾಟಕದ ಹಸ್ತಪ್ರತಿ ತೆಗೆದು, ಕೊನೆಯ ಹಾಳೆಗೆ ಅಡ್ಡಗೆರೆ ಎಳೆದು, ಇಂದುಬಾಯಿಯ ಕಡೆ ತಿರುಗಿದರು.

“ಏನಂದಿ ನೀ? ಇನ್ನೊಮ್ಮೆ ಹೇಳು, ಬರಕೋತೀನಿ.”

ಬೇರೆ ಗೌಡನನ್ನು ಅವರು ಹುಡುಕಲಿಲ್ಲ. ಮಕ್ತುಮಸಾಬ ನಾಲ್ಕು ವರ್ಷ ಊರೂರಲ್ಲಿ ಗೌಡನಾದ. ಕೆಲವು ಊರಲ್ಲಿ ಜನ ಅವನ ಕೈ ಹಿಡಿದು ಮಾತಾಡಿಸಿದರು, ಕೆಲವು ಊರಲ್ಲಿ ಶೇಂಗಾ ಸಿಪ್ಪೆ ಎಸೆದು ದ್ಯಾಮಪ್ಪನನ್ನು ಕೇಳಿದರು. ಆಮೇಲೆ ಅವನಿಗೆ ಉಬ್ಬಸ ಹತ್ತಿತು. ಮಾಸ್ತರರು ತೀರಿಹೋದರು, ಕಂಪನಿಯೂ ನಿಂತಿತು. ಸಾಯುವ ಮುನ್ನ ಮಕ್ತುಮಸಾಬ ನನ್ನನ್ನು ಇಂದುಬಾಯಿಗೆ ಕೊಟ್ಟ.

ಗದಗ-ಬೆಟಗೇರಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನು ಬಹುಕಾಲ ಇದ್ದೆ. ತಂತಿಯ ಮೇಲಿನ ಬಟ್ಟೆ ಇಳಿಸಿದೆ, ಮಂಗ ಓಡಿಸಿದೆ. ಮೊಣಕಾಲು ನೋವು ಬಂದ ಮೇಲೆ ಅವಳ ಮೂರನೆಯ ಕಾಲಾದೆ. ಆದರೂ ಸುಮ್ಮನಿರಲು ನನಗೆ ಬರಲಿಲ್ಲ. ಬಾಗಿಲಿಗೆ ಒರಗಿಸಿದರೆ ಜಾರಿ ಬೀಳುತ್ತಿದ್ದೆ.

ಈ ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನವರು ತಮ್ಮ ವರ್ಷದ ಗ್ಯಾದರಿಂಗಿಗೆ ಆ ನಾಟಕ ಕಲಿಸಲು ಇಂದುಬಾಯಿಯನ್ನು ಕರೆದರು. ಗೌಡನ ಪಾತ್ರ ಶಿವಲೀಲಾ ಎಂಬ ಒಂಬತ್ತನೆಯ ಇಯತ್ತೆಯ ಹುಡುಗಿಗೆ. ಸಣ್ಣ ಹುಡುಗಿ, ಮಾತು ಕಡಿಮೆ. ಅವಳು ನನ್ನನ್ನು ಹಿಡಿದು ನೋಡಿ, ಗೋಡೆಗೆ ಒರಗಿಸಿಟ್ಟಳು.

“ಅಜ್ಜಿ, ಗೌಡಗ ಈ ಕೋಲ ಬ್ಯಾಡ್ರಿ.”

“ಯಾಕವ್ವ?”

“ನಮ್ಮಪ್ಪ ಒಂದಿನಾನೂ ಕೈ ಎತ್ತಿಲ್ರಿ, ಒದರೂದೂ ಇಲ್ಲ. ಊಟಾ ಮಾಡ್ಕೊಂತ ‘ಬ್ಯಾಡವ್ವ’ ಅಂತಾನ, ಅಷ್ಟ. ನಮ್ಮಕ್ಕ ಕಾಲೇಜ ಬಿಟ್ಟಳು.”

ಇಂದುಬಾಯಿ ಮಾಡಿ ತೋರಿಸು ಎಂದು ಕೈಸನ್ನೆ ಮಾಡಿದಳು. ಶಿವಲೀಲಾ ಬಾಗಿಲಿಂದ ದೂರ ಕುರ್ಚಿಯಲ್ಲಿ ಕೂತಳು. ಗಂಗಾ ಆಗಿದ್ದ ಹುಡುಗಿ ಚೀಲ ಹಿಡಿದು ಹೊಸ್ತಿಲವರೆಗೆ ಬಂದಳು. ಬಾಗಿಲು ಪೂರ್ತಿ ತೆರೆದಿತ್ತು. ಅಡ್ಡ ಯಾರೂ ಇರಲಿಲ್ಲ. ಶಿವಲೀಲಾ ತಲೆಯೆತ್ತಿ, ಸಣ್ಣಗೆ ನಕ್ಕು, “ಬ್ಯಾಡವ್ವ,” ಎಂದಳು.

ಎಷ್ಟೋ ಸಾವಿರ ಸಲ ಆ ಬಾಗಿಲಲ್ಲಿ ನಿಂತ ನನಗೆ, ಗೌಡನ ಭಯವಾದದ್ದು ಅವತ್ತೇ ಮೊದಲು. ಎದುರಿನ ಹುಡುಗಿ ಎತ್ತಿದ ಕಾಲನ್ನು ಹಾಗೇ ಇಳಿಸಿದಳು.

“ಈಗ ನೀ ಏನ್ ಮಾಡ್ತಿ?” ಎಂದು ಇಂದುಬಾಯಿ ಅವಳನ್ನು ಕೇಳಿದಳು.

“ಗೊತ್ತಿಲ್ರಿ ಅಜ್ಜಿ. ಇಂವನ್ನ ತಳ್ಳಾಕ ಬರೂದಿಲ್ಲಲ್ಲ.”

“ವಿಚಾರ ಮಾಡ್ಕೊಂಡು ಬಾ,” ಎಂದಳು ಇಂದುಬಾಯಿ. “ನಾಳೆ ನಾಕಕ್ಕ ತಾಲೀಮು.”