ಕಲ್ಲು ಹಾಸಿದ ಓಣಿ

ಹಲಗೆಯ ಒಂದು ತುದಿ ಲೀಲಾಕ್ಷಿಯ ಕೈಯಲ್ಲಿತ್ತು, ಇನ್ನೊಂದು ಇಂದೂವಿನ ಕೈಯಲ್ಲಿ. ಕೆಸರು ಅದನ್ನು ಸುಲಭಕ್ಕೆ ಬಿಡಲಿಲ್ಲ. ಇಬ್ಬರೂ ಜಗ್ಗಿದಾಗ ಬಾಯಿ ಚಪ್ಪರಿಸಿದಂಥ ಸದ್ದು ಮಾಡಿ ಎದ್ದು ಬಂತು.

"ಎಂತ ಮಾರಾಯ್ತಿ, ಒಳಗೆ ಹೆಣ ಮಲಗಿಸಿ ನಾವಿಲ್ಲಿ ಹಲಗೆ ಕೀಳುದು," ಎಂದಳು ಲೀಲಾಕ್ಷಿ. ಓಣಿಯ ತುದಿಯಲ್ಲಿ ಅವಳ ಗಂಡನ ಖಾನಾವಳಿಯಿತ್ತು. ಗಿರಾಕಿಗಳ ಕಾಲು ಹುಗಿಯದಿರಲೆಂದು ಹಲಗೆಗಳನ್ನು ಹಾಕಿಸಿದವಳು ಅವಳೇ. "ನಿನ್ನ ಅಣ್ಣನೂ ಇದರಲ್ಲೇ ಹೊರಬೇಕಲ್ಲ?"

"ಹೊರಲಿ. ಪಂಢರಿನಾಥ ಕಾಕಾ ಮುಂದ ನಡೀತಾರ."

"ಜಾರಿ ಬಿದ್ದರೆ?"

ಮೌಶಿ ರಂಗೂಬಾಯಿಯ ದೇಹ ಚಟ್ಟದಿಂದ ಜಾರುವುದು ಬೆಳಗಿನಿಂದ ಇಂದೂವಿನ ಕಣ್ಣಿಗೆ ಕಟ್ಟಿಕೊಂಡಿತ್ತು. ಆದರೂ ಮುಂದಿನ ಹಲಗೆಗೆ ಬಾಗಿದಳು.

"ಕಾಕಾರ ಕಮಿಟಿ ರಿಪೋರ್ಟಿನ್ಯಾಗ ಕಲ್ಲು ಹಾಸೇದ ಅಂತ ಬರದಾರ, ಲೀಲಕ್ಕ. ಕಲ್ಲು ಹಾಸಿದ ಓಣ್ಯಾಗ ಹಲಗಿ ಯಾಕ ಬೇಕು?"

*

ರಂಗೂಬಾಯಿ ಚಿಕ್ಕಂದಿನಲ್ಲೇ ವಿಧವೆಯಾದವಳು. ಪುಣೆಯಲ್ಲಿ ಓದಿ, ಅಲ್ಲಿಯೇ ಹುಡುಗಿಯರ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ತಂಗಿಯ ಮಗಳು ಇಂದೂ ಧಾರವಾಡದಿಂದ ಕಾಲೇಜಿಗೆಂದು ಬಂದು ಅವಳ ಬಳಿಯೇ ಉಳಿದಿದ್ದಳು.

ವಾರ್ಡಿನ ಸುಧಾರಣಾ ಕಮಿಟಿ ವರ್ಷಕ್ಕೊಮ್ಮೆ ಇಂಗ್ಲಿಷಿನಲ್ಲಿ ವರದಿ ಅಚ್ಚು ಹಾಕಿಸುತ್ತಿತ್ತು. ಕೇಳಿದವರಿಗೆ ಕೊಡುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ರಂಗೂಬಾಯಿ ಕೇಳಿದಳು.

ಮನೆಯಲ್ಲಿ ಕೂತು ವಿವರಿಸುವುದು ಅವಳ ರೀತಿಯಾಗಿರಲಿಲ್ಲ. ರಜೆಯ ದಿನ ಮಧ್ಯಾಹ್ನ ಕೆಲಸ ಮುಗಿಸಿದ ಹೆಂಗಸರನ್ನು ಕರೆದುಕೊಂಡು, ವರದಿಯ ವಾಕ್ಯ ಯಾವ ಜಾಗದ್ದೋ ಆ ಜಾಗಕ್ಕೇ ನಡೆಯುವಳು. ನಳದ ವಾಕ್ಯಕ್ಕೆ ನಳದ ಹತ್ತಿರ. ದೀಪದ ವಾಕ್ಯಕ್ಕೆ ಕಂಬ ಇರಬೇಕಾಗಿದ್ದ ಮೂಲೆಗೆ. ಅಲ್ಲಿ ನಿಂತು ಇಂಗ್ಲಿಷಿನಲ್ಲಿ ಓದಿ, ಮರಾಠಿಯಲ್ಲಿ ಹೇಳುವಳು. ಖರ್ಚಿನ ಅಂಕಿ ಬಂದರೆ, "ಅಂದರ ನಮ್ಮ ಓಣಿಯ ಎಲ್ಲಾ ಮನಿಯವರು ಎರಡು ವರ್ಷ ಕಟ್ಟಿದ ಕರ" ಎಂದು ಬಿಡಿಸಿ ಹೇಳುವಳು. ಹೆಂಗಸರು ಸುತ್ತ ನೋಡುವರು.

ಈ ಓಣಿಯದೂ ಒಂದು ವಾಕ್ಯವಿತ್ತು: "ಈ ಓಣಿಯಲ್ಲಿ ಕಲ್ಲಿನ ಗಟಾರ ಮತ್ತು ಕಲ್ಲುಹಾಸಿನ ಕೆಲಸ ಪೂರ್ಣಗೊಂಡಿದೆ." ಗಟಾರಕ್ಕೆಂದು ಅಗೆದ ತಗ್ಗನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದರು. ಅದರ ದಂಡೆಯ ಮೇಲೆ ನಿಂತೇ ರಂಗೂಬಾಯಿ ಓದಿದ್ದಳು.

"ಮೌಶಿ, 'ಸುಳ್ಳು' ಅಂತ ಒಂದು ಮಾತು ಅನ್ನಬಾರದೇನು?" ಎಂದು ಇಂದೂ ಕೇಳಿದ್ದಳು.

"ಬ್ಯಾಡ. ನಾವು ಒಂದಕ್ಷರ ಸೇರಿಸಿದ್ವಿ ಅಂದರ ಅವರು ಅದನ್ನ ಹಿಡಕೊಂಡು ಕೂಡ್ತಾರ."

ಕಮಿಟಿಯ ಅಧ್ಯಕ್ಷ ಪಂಢರಿನಾಥ ಅವಳ ಮೈದುನನೇ. ಅವನು ವರದಿಯ ಮಾತೇ ಎತ್ತಲಿಲ್ಲ. "ನಮ್ಮ ವೈನಿಗೆ ತಲಿ ನೆಟ್ಟಗಿಲ್ಲ ಪಾಪ, ಗ್ವಾಡಿ ಮುಂದ ನಿಂತು ಓದ್ತಾಳ" ಎಂದು ಮದುವೆ ಮುಂಜಿಗಳಲ್ಲಿ ಮರುಗುತ್ತ ಬಂದ. ಮಾತು ಶಾಲೆಗೂ ತಲುಪಿತು. ತಲೆ ಕೆಟ್ಟವಳ ಕೈಗೆ ಹುಡುಗಿಯರನ್ನು ಹೇಗೆ ಒಪ್ಪಿಸುವುದು ಎಂದು ಶಾಲೆಯವರು ಅವಳನ್ನು ಕೆಲಸದಿಂದ ಬಿಡಿಸಿದರು. ಈ ಮಳೆಗಾಲದಲ್ಲಿ ಓಣಿಗೆ ವಿಷಮಜ್ವರ ಬಂತು. ಅದೇ ಜ್ವರದಲ್ಲಿ ಅವಳು ಮಲಗಿದಷ್ಟು ದಿನವೂ ಪಂಢರಿನಾಥ ಹೊಸಿಲು ತುಳಿಯಲಿಲ್ಲ.

*

ಇವತ್ತು ತುಳಿದ. ರಂಗೂಬಾಯಿಯ ವಾಡೆಮನೆಯ ಹಿತ್ತಲು ಡಾಂಬರು ರಸ್ತೆಗೆ ತೆರೆಯುತ್ತಿತ್ತು. ಅಲ್ಲಿ ಮೋಟಾರು ನಿಲ್ಲಿಸಿ ಒಳಗೆ ಬಂದ. ಮಕ್ಕಳಿಲ್ಲದ ಅತ್ತಿಗೆಗೆ ಅಗ್ನಿ ಕೊಡುವ ಹಕ್ಕು ಅವನದೇ. ಚುನಾವಣೆಯೂ ಮುಂದಿನ ತಿಂಗಳೇ ಇತ್ತು.

ಸ್ನಾನ ಮಾಡಿ, ಒದ್ದೆ ಧೋತರದಲ್ಲಿ ನಿಂತು ಅವನು ಹೇಳಿದ: "ಹಿತ್ತಲ ಬಾಗಲದಿಂದ ಒಯ್ಯೂಣು. ಮಂದಿ ಎಲ್ಲಾ ಆ ಕಡೆನ ನಿಂತಾರ. ಓಣ್ಯಾಗ ರಾಡಿ ಇರ್ತದ."

"ರಾಡಿ ಎಲ್ಲೀದು, ಕಾಕಾ?" ಎಂದಳು ಇಂದೂ. "ಕಲ್ಲು ಹಾಸೀರಲ್ಲ."

ಅಂಗಳದಲ್ಲಿ ಯಾರೋ ಕೆಮ್ಮಿದರು. ಪಂಢರಿನಾಥ ಅವಳತ್ತ ನೋಡದೆ ಪುರೋಹಿತರ ಕಡೆ ತಿರುಗಿದ. "ಆಚಾರ್ರ, ನೀವು ಹೇಳ್ರಿ."

ಬಿಂದುಮಾಧವಾಚಾರ್ಯರು ದರ್ಭೆ ಎಣಿಸುತ್ತಲೇ ಹೇಳಿದರು: "ಅಕಿ ಏನು ಕಳವು ಮಾಡಲಿಕ್ಕೆ ಬಂದಾಕೇನ್ರಿ, ಹಿತ್ತಲದಿಂದ ಹೋಗಲಿಕ್ಕೆ? ಸೊಸಿಯಾಗಿ ತಲಬಾಗಲದಿಂದ ಬಂದಾಳ, ಅಲ್ಲಿಂದನ ಹೋಗಬೇಕು."

"ಚಪ್ಪಲಿ?"

"ಅಗ್ನಿ ಹಿಡದವರು ಬರಿಗಾಲಿಲೆ ನಡೀಬೇಕು. ಮಡಿಕಿ ಇಳಿಸೂ ಹಂಗಿಲ್ಲ, ಹಿಂದ ಹೊಳ್ಳಿ ನೋಡೂ ಹಂಗಿಲ್ಲ. ನಿಮಗ ಆಗದಿದ್ದರ ಬ್ಯಾರೆ ಯಾರನ್ನರ ನೋಡೂಣು."

ಅಂಗಳದ ತುಂಬ ಮತದಾರರಿದ್ದರು. "ಯಾಕ ಆಗೂದಿಲ್ಲ," ಎಂದ ಪಂಢರಿನಾಥ.

ಓಣಿಯನ್ನು ನೋಡಿ ಬಂದ ಪ್ರಲ್ಹಾದ ತಂಗಿಯನ್ನು ಕಂಬದ ಮರೆಗೆ ಎಳೆದ.

"ಹಲಗಿ ಎಲ್ಲಿಟ್ಟಿ?"

"ಖಾನಾವಳಿ ಹಿಂದ ಅವ."

"ಹುಚ್ಚ ಹಿಡದದೇನು ನಿನಗ? ಮೌಶಿ ಇದ್ದಿದ್ದರ ಹಿಂಗ ಮಾಡಸ್ತಿದ್ಲೇನು?"

"ಇಲ್ಲ."

"ಮತ್ತ?"

"ಮೌಶಿ ಇಲ್ಲಲ್ಲ."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಧೋತರವನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ಚಟ್ಟದ ಕಡೆ ನಡೆದ.

*

ತಲೆಬಾಗಿಲು ತೆರೆಯಿತು. ಹಗ್ಗದಲ್ಲಿ ತೂಗುವ ಮಡಕೆ ಹಿಡಿದು ಪಂಢರಿನಾಥ ಹೊರಗೆ ಕಾಲಿಟ್ಟ. ಮೊದಲ ಹೆಜ್ಜೆ ಹರಡಿನ ತನಕ ಹೋಯಿತು. ಎರಡನೆಯದು ಮೀನಖಂಡದ ತನಕ. ಅವನು ಗೋಡೆಯ ಬದಿಗೆ ಸರಿಯಲು ನೋಡಿದ. ಅಲ್ಲಿ ತಗ್ಗು ಇನ್ನೂ ಆಳವಿತ್ತು.

ಎರಡೂ ಬದಿಯ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಯಾರೂ ಅಳಲಿಲ್ಲ, ಯಾರೂ ನಗಲಿಲ್ಲ.

"ಸ್ವಲ್ಪ ಲಗೂ ನಡೀರಿ, ಕಾಕಾ. ಹೆಗಲು ಬಿದ್ದು ಹೊಂಟಾವ," ಎಂದ ಹಿಂದಿನಿಂದ ಪ್ರಲ್ಹಾದ. ಅವನ ಕಾಲು ಜಾರಿತು. ಚಟ್ಟ ಒಂದು ಬದಿಗೆ ವಾಲಿತು. ಹೊಸಿಲ ಮೇಲಿದ್ದ ಇಂದೂ ಎರಡೂ ಕೈ ಮುಂದೆ ಚಾಚಿ ಹಾಗೆಯೇ ನಿಂತಳು. ಪ್ರಲ್ಹಾದ ಹಲ್ಲು ಕಚ್ಚಿ ಹೆಗಲು ಮೇಲೆ ಕೊಟ್ಟ, ಚಟ್ಟ ನೆಟ್ಟಗಾಯಿತು.

ಆಗ ಬಲಗಡೆಯ ಬಾಗಿಲಿನಿಂದ ಒಬ್ಬ ಮುದುಕಿ, ಸ್ತೋತ್ರ ಹೇಳುವ ಧಾಟಿಯಲ್ಲಿ, ರಂಗೂಬಾಯಿ ಹೇಳಿಕೊಟ್ಟ ಕಲ್ಲುಹಾಸಿನ ವಾಕ್ಯವನ್ನು ಮರಾಠಿಯಲ್ಲಿ ಶುರುಮಾಡಿದಳು: "ಹ್ಯಾ ಗಲ್ಲೀತ ದಗಡಿ ಗಟಾರ ವ ಫರಸಬಂದೀಚಂ ಕಾಮ ಪೂರ್ಣ ಝಾಲಂ ಆಹೇ." ಎದುರು ಮನೆಯವಳು ಅದನ್ನೇ ಹೇಳಿದಳು. ಅವಳ ಆಚೆಯವಳೂ ಹೇಳಿದಳು. ಒಂದಕ್ಷರ ಯಾರೂ ಸೇರಿಸಲಿಲ್ಲ.

ಪಂಢರಿನಾಥನ ಕುತ್ತಿಗೆ ತಿರುಗತೊಡಗಿತು.

"ಹಿಂದ ನೋಡಬ್ಯಾಡ್ರಿ, ರಾಯರ," ಎಂದರು ಆಚಾರ್ಯರು.

"ಇದನ್ನ ಸ್ವಲ್ಪ ಹಿಡೀರಿ, ಆಚಾರ್ರ. ಕಾಲು ಹುಗದಾವ."

"ಕೊಡೂ ಹಂಗಿಲ್ರಿ."

ಮಡಕೆಯ ಹೊಗೆ ಅವನ ಮುಖಕ್ಕೇ ಬರುತ್ತಿತ್ತು. ಕಣ್ಣು ಕಿರಿದು ಮಾಡಿ, ಸೊಂಟ ತಿರುಚಿ, ಅವನು ಬಲಗಾಲನ್ನು ಕಿತ್ತು ಮೇಲೆತ್ತಿದ. ಓಣಿಯ ಉದ್ದಕ್ಕೂ ಕಣ್ಣಾಡಿಸಿದ. ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಆ ವಾಕ್ಯ ಅವನಿಗಿಂತ ಮುಂದೆ ಹೋಗಿಯಾಗಿತ್ತು. ಎತ್ತಿದ ಕಾಲಿನಿಂದ ಕರಿಯ ನೀರು ತೊಟ್ಟಿಕ್ಕುತ್ತಿತ್ತು. ಇಡಲು ಜಾಗ ಹುಡುಕುತ್ತ ಆ ಕಾಲು ಗಾಳಿಯಲ್ಲೇ ನಿಂತಿತು.