ಪುಕ್ಕಟೆ ಕೊಟ್ಟ ಕೇಬಲ್

ನಮ್ಮ ಕಡೆ ದನದ ಪೇಟೆಯಲ್ಲಿ ಎತ್ತು ಮಾರಿದವನು ಎತ್ತನ್ನು ಕೊಡುತ್ತಾನೆ, ಅದರ ಕೊರಳ ಹಗ್ಗವನ್ನು ಮಾತ್ರ ಬಿಚ್ಚಿಕೊಂಡು ಹೋಗುತ್ತಾನೆ. ಕೊಂಡವನು ಹಗ್ಗವನ್ನು ಮನೆಯಿಂದಲೇ ತಂದಿರಬೇಕು. ಹಗ್ಗದ ಜೊತೆ ಕೊಟ್ಟಿಗೆಯ ಕಳೆಯೂ ಹೋಗಿಬಿಡುತ್ತದೆ ಎಂದು ಹಿರಿಯರ ನಂಬಿಕೆ. ಹಗ್ಗವೂ ಇರಲಿ ತಗೋ ಎಂದು ಮಾರುವವನು ಧಾರಾಳ ತೋರಿಸಿದರೆ, ಆ ದನವನ್ನು ಹೇಗಾದರೂ ಸಾಗಹಾಕಿದರೆ ಸಾಕಾಗಿದೆ ಅವನಿಗೆ ಎಂದು ತಿಳಿಯಬೇಕು. ಸಾಲೆಯಲ್ಲಿ ನಾನು ಕಲಿತದ್ದು ಸಹಿ ಮಾಡುವಷ್ಟು. ಇದನ್ನು ಕಲಿತದ್ದು ನಂದಗಡದ ಪೇಟೆಯಲ್ಲಿ, ಅಪ್ಪನ ಹಿಂದೆ ನಿಂತು.

ಹಾಗಾಗಿ ಖಾನಾಪುರದ ಕಂಪ್ಯೂಟರ್ ಅಂಗಡಿಯ ವಿನೀತ, “ಅಜ್ಜಾರ, ಕೇಬಲ್ ನಾ ಪುಕ್ಕಟೆ ಕೊಡತೀನ್ರಿ” ಎಂದಾಗ ನನ್ನ ಕಿವಿ ನಿಮಿರಿತು.

ಕೇಬಲ್ ಬೇಕಾಗಿದ್ದದ್ದು ನನ್ನ ಮೊಮ್ಮಗಳು ಸಮೃದ್ಧಿಯ ಕಂಪ್ಯೂಟರಿಗೆ. ಬೆಳಗಾವಿಯ ಶಿವಬಸವ ನಗರದಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ಅವಳು ಆಫೀಸಿನ ಕೆಲಸ ಬಿಟ್ಟು ಈಗ ಸ್ವಂತ ಕೆಲಸ ಹಿಡಿದಿದ್ದಾಳೆ. ಇನ್ನೂ ಕಟ್ಟದ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅದರೊಳಗೆ ಓಡಾಡಿದಂತೆ ತೋರಿಸುತ್ತಾಳೆ. ಮೊದಲನೇ ಗಿರಾಕಿ ಖಾನಾಪುರದ ಪ್ರಮಿಳಾಬಾಯಿ. ಊರ ಹೊರಗೆ ಆಕೆ ಪ್ರವಾಸಿಗರಿಗಾಗಿ ವಸತಿಮನೆ ಕಟ್ಟಿಸುವವಳು. ಆ ದಿನ ಸಂಜೆಯೊಳಗೆ ವಿಡಿಯೋ ಕೈಸೇರದಿದ್ದರೆ ಕೆಲಸ ಹುಬ್ಬಳ್ಳಿಯವರಿಗೆ ಎಂದು ಖಡಕ್ಕಾಗಿ ಹೇಳಿದ್ದಳು. ಆದರೆ ಕಂಪ್ಯೂಟರು ಕಿಟಕಿಗೊಮ್ಮೆ, ಬಾಗಿಲಿಗೊಮ್ಮೆ ನಿಂತುಬಿಡುತ್ತಿತ್ತು. ಕಂಪನಿಯವರೇ ಎಲ್ಲ ಜೋಡಿಸಿ ಮಾರಿದ ಪೆಟ್ಟಿಗೆ ಅದು. ಮಾರಿದ ಅಂಗಡಿಗೆ ಹೋದರೆ, “ಇದರೊಳಗ ಏನೂ ಬದಲಿ ಮಾಡಾಕ ಬರೂದಿಲ್ಲ, ಹೊಸಾದು ತಗೋರಿ” ಎಂದರು. ಅವಳು ಮೊಬೈಲಿನಲ್ಲಿ ಹುಡುಕಿ ಹುಡುಕಿ ಈ ವಿನೀತನನ್ನು ಕಂಡುಹಿಡಿದಳು. ಬಳಸಿದ ಗ್ರಾಫಿಕ್ಸ್ ಕಾರ್ಡು ಅವನ ಹತ್ತಿರ ಇತ್ತು.

“ಬಳಸಿದ್ದು ಅಂದ್ರ?” ಎಂದೆ.

“ಸೆಕೆಂಡ್ ಹ್ಯಾಂಡ್ ಅಜ್ಜಾ. ಚಿತ್ರ ತಯಾರ್ ಮಾಡೂ ಕಾರ್ಡ್. ಹೊಸಾದು ನಮಗ ನಿಲುಕೂದಿಲ್ಲ.”

“ಹಂಗಾರ ನಾನೂ ಬರತೀನಿ.”

“ಬಾ. ಆದ್ರ ಅಲ್ಲಿ ಅದರ ಹಲ್ಲು ಹಿಡದು ನೋಡಬ್ಯಾಡ” ಎಂದು ನಕ್ಕಳು.

ಪೆಟ್ಟಿಗೆಯನ್ನು ಮನೆಯ ಹಗ್ಗದಿಂದ ಬಿಗಿದು, ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಬಾಜೂಕ್ಕೆ ಇಟ್ಟುಕೊಂಡೆ. ಖಾನಾಪುರದವರೆಗೂ ಅದರ ಮೇಲಿನ ಕೈ ತೆಗೆಯಲಿಲ್ಲ.

ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣ ಅಂಗಡಿ. ವಿನೀತ ಮೂವತ್ತರ ಆಸುಪಾಸಿನ ಹುಡುಗ. ಫೋನಿನಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. “ಬರ್ರಿ ಅಜ್ಜಾರ, ಕುಂದರ್ರಿ” ಎಂದು ಕುರ್ಚಿ ಒರೆಸಿ ಕೊಟ್ಟ. ಕೂತು ಮೇಲೆ ನೋಡಿದರೆ ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ಆ ಮೀಸೆ, ಆ ಕರಿ ಟೋಪಿ ನನಗೆ ಗುರುತು ಸಿಕ್ಕಿತು. ಆದರೂ ಕೇಳಿದೆ.

“ಇವರು ಯಾರೋ ತಮ್ಮಾ?”

“ನಮ್ಮ ಆಜೋಬಾ, ಅಂದ್ರ ಅಜ್ಜ ರೀ, ಮಾರ್ತಾಂಡ. ನಂದಗಡದಾಗ ಎತ್ತಿನ ವ್ಯಾಪಾರ ಮಾಡತಿದ್ರು.”

 ಕುರ್ಚಿಯನ್ನು ಅವನ ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡೆ.

ಈ ಮಾರ್ತಾಂಡನೇ ನಮ್ಮ ಅಪ್ಪನಿಗೆ ಒಂದು ಮಾಸು ಬಣ್ಣದ ಎತ್ತು ಮಾರಿದ್ದ. ಹಗ್ಗ ಸಮೇತ. ಅಪ್ಪ ಹಗ್ಗ ಮರೆತು ಹೋಗಿದ್ದರು, “ಇರಲಿ ತಗೋರಿ” ಎಂದಿದ್ದ ಅವನು. ನಮ್ಮೂರು ಪಾರಿಶ್ವಾಡಕ್ಕೆ ಬಂದ ಮೇಲೆ ಚಕ್ಕಡಿಗೆ ಹೂಡಿದರೆ, ಕೆರೆಯ ಏರಿನಲ್ಲಿ ಎತ್ತು ಮಲಗಿಬಿಟ್ಟಿತು. ಅಪ್ಪ ಹೋಗಿ ಜಗಳ ತೆಗೆದರು. ಮಾರ್ತಾಂಡ ಊರಿಗೇ ಬಂದು ನೋಡಿ, “ಎತ್ತು ದೊಡ್ಡದೈತಿ, ನಿಮ್ಮ ನೊಗ ಸಣ್ಣದೈತಿ ಗೌಡ್ರ. ಹೆಗಲು ಕೊಯ್ಯಾಕತ್ತೈತಿ. ನೊಗ ಬದಲಿ ಮಾಡ್ರಿ” ಎಂದ. ನೊಗ ಮಾಡಿಕೊಡುವ ಬಡಿಗ ಅವನ ಗೆಳೆಯನೇ. ಅಪ್ಪ ಕ್ಯಾಕರಿಸಿ ಉಗುಳಿ ಒಳಗೆ ಹೋದರು. ನಾವು ಆ ಮನೆತನದವರ ಜೊತೆ ಮಾತು ಬಿಟ್ಟೆವು.

ವಿನೀತ ಕಾರ್ಡನ್ನು ಮೇಜಿನ ಮೇಲಿಟ್ಟ. ಎರಡು ಫ್ಯಾನು. ನಾನು ಬಗ್ಗಿ ನೋಡಿದೆ. ಒಂದರ ರೆಕ್ಕೆಯ ಅಂಚಿನಲ್ಲಿ ಹಳೆಯ ಧೂಳು ಕಪ್ಪಗೆ ಅಂಟಿಕೊಂಡಿತ್ತು. ಇನ್ನೊಂದು ತೊಳೆದ ಬಟ್ಟಲಿನಂತೆ ಮಿಂಚುತ್ತಿತ್ತು.

“ಇವೆರಡೂ ಒಂದ ವಯಸ್ಸಿನವಲ್ಲ” ಎಂದೆ.

ವಿನೀತನ ಕೈ ನಿಂತಿತು. ಸಮೃದ್ಧಿ ಅವನ ಮುಖ ನೋಡಿದಳು.

“ಹೌದ್ರಿ. ಒಂದು ಸಪ್ಪಳ ಮಾಡತಿತ್ತು, ಬದಲಿ ಮಾಡೀನಿ.”

“ಫೋನಿನ್ಯಾಗ ಯಾಕ ಹೇಳಲಿಲ್ರಿ?” ಎಂದಳು ಅವಳು.

“ಹೇಳಿದ್ರ ಯಾರೂ ಬರೂದಿಲ್ಲ ಮೇಡಂ” ಎಂದು ಕಿವಿಯ ಹಿಂದೆ ಕೆರೆದುಕೊಂಡ. “ಕಾರ್ಡ್ ಖರೇ ಚಲೋ ಐತಿ.”

ಫೋಟೋದಲ್ಲಿದ್ದ ಮೀಸೆಯ ಕಡೆ ನಾನೊಮ್ಮೆ ನೋಡಿದೆ.

ಆಮೇಲೆ ಅವನು ನಮ್ಮ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದ. ಮೂಲೆಯಲ್ಲಿದ್ದ ಒಂದು ಕಬ್ಬಿಣದ ಡಬ್ಬಿ ತೋರಿಸಿ, “ಇದು ಪವರ್ ಸಪ್ಲೈ ರೀ. ಒಳಗಿನ ಎಲ್ಲಾದಕ್ಕೂ ಕರೆಂಟು ಹಂಚೂದು ಇದಽ. ಈ ಕಾರ್ಡಿಗೆ ಇದರ ತಾಕತ್ತು ಸಾಲೂದಿಲ್ಲ, ದೊಡ್ಡದು ಹಾಕಬೇಕು” ಎಂದ. ಕಂಪನಿಯವರ ಬೋರ್ಡಿಗೆ ಬೇರೆಯೇ ನಮೂನೆಯ ಪಿನ್ನುಗಳಿದ್ದವು. ದೊಡ್ಡ ಸಪ್ಲೈ ಅದಕ್ಕೆ ಹೊಂದಬೇಕಾದರೆ ನಡುವೆ ಒಂದು ಕೇಬಲ್ ಬೇಕಂತೆ. ಅದನ್ನೇ ಅವನು ಪುಕ್ಕಟೆ ಕೊಡುತ್ತೇನೆ ಎಂದದ್ದು.

ಎತ್ತು ಕೊಳ್ಳಲು ಬಂದವರಿಗೆ ನೊಗವನ್ನೂ ಮಾರುವುದು, ಮೇಲೆ ಹಗ್ಗ ಪುಕ್ಕಟೆ. ಅಜ್ಜನ ಹಾದಿಯನ್ನೇ ಮೊಮ್ಮಗ ಹಿಡಿದಿದ್ದಾನೆ ಎನ್ನಿಸಿತು.

“ಸಮೂ, ಸಪ್ಲೈ ಬ್ಯಾಡ. ಕಾರ್ಡ್ ಅಷ್ಟ ಹಾಕಸು.”

“ಅಜ್ಜಾ, ಅವರು ಹೇಳಾಕತ್ತಾರಲ್ಲ.”

“ಫ್ಯಾನಿನ ಮಾತೂ ಅವರಽ ಹೇಳಿದ್ರೇನು?”

ಅವಳು ಆ ಹೊಸ ಫ್ಯಾನಿನ ಕಡೆ ಇನ್ನೊಮ್ಮೆ ನೋಡಿದಳು. ವಿನೀತನಿಗೆ, “ಸದ್ಯ ಕಾರ್ಡ್ ಅಷ್ಟ ಹಾಕ್ರಿ” ಎಂದಳು.

“ಹಾಕತೀನ್ರಿ. ಕಾರ್ಡಿಗೆ ಮುಟ್ಟೂ ವೈರ್ ಒಂದು ಇದರಾಗ ಐತಿ. ಆದ್ರ ಭಾರ ಬಿದ್ರ ನಿಲ್ಲೂದಿಲ್ಲ, ಮೊದಲಽ ಹೇಳೀನಿ.”

ಹಾಕಿದ. ಪರದೆಯ ಮೇಲೆ ಯಾವುದೋ ಆಟದ ಚಿತ್ರ ಬಿಟ್ಟ, ಕುದುರೆ ಸವಾರರು ಸರಸರ ಓಡಿದರು. ಸಮೃದ್ಧಿಯ ಮುಖ ಅರಳಿತು. ನನಗೆ ಅದು ಸಾಲಲಿಲ್ಲ. ಹೇರಿಲ್ಲದೆ ಓಡಾಡಿಸಿ ತೋರಿಸಿದ ಎತ್ತನ್ನು ಯಾರೂ ಕೊಳ್ಳುವುದಿಲ್ಲ. ನಮ್ಮ ಚಕ್ಕಡಿ, ನಮ್ಮ ಹೇರು, ಏರು ಹಾದಿ: ಅಲ್ಲಿ ಎಳೆಯಬೇಕು.

“ನಿನ್ನ ಕುದುರಿ ಸಾಕು. ನಮ್ಮ ಮೊಮ್ಮಗಳ ಕೆಲಸ ಹಚ್ಚು, ಪೂರಾ ಮುಗಿಯೂತನಕ ನಾ ಕುಂದರತೀನಿ.”

ಅವಳು ಪ್ರಮಿಳಾಬಾಯಿಯ ಮನೆಯ ಕೆಲಸ ಶುರು ಹಚ್ಚಿದಳು. ಫ್ಯಾನುಗಳು ಗುಂಯ್ಯೆಂದವು. ಪರದೆಯಲ್ಲಿ ಅಂಗಳ ಬಂತು, ಕಟ್ಟೆ ಬಂತು. ಬಾಗಿಲು ತೆರೆಯುತ್ತಿದ್ದಂತೆ ಟಕ್ ಎಂದಿತು. ಪೂರ್ತಿ ಕತ್ತಲು. ಫ್ಯಾನೂ ನಿಂತವು.

“ಮಲಗಿತು ನೋಡು!” ಎಂದೆ. ಗೆದ್ದಂತೆ ಅನ್ನಿಸಿತು.

ಆದರೆ ಸಮೃದ್ಧಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. “ಸಂಜೀಗಿ ಏನ್ ಕಳಸಲಿ ಅಜ್ಜಾ? ಮೊದಲಿದ್ದ ಕಾರ್ಡ್ ಹಾಕಿದ್ರ ನಾಳಿಗೂ ಮುಗಿಯೂದಿಲ್ಲ.” ಗೆದ್ದದ್ದೆಲ್ಲ ಅಲ್ಲಿಗೇ ಇಳಿಯಿತು.

ವಿನೀತನಿಗೆ ಸಿಟ್ಟು ಬಂದಿತ್ತು, ಆದರೆ ಧ್ವನಿ ಏರಿಸಲಿಲ್ಲ. “ಅಜ್ಜಾರ, ನಾ ಒಂದು ಮಾತು ಮುಚ್ಚಿಟ್ಟೆ, ತಪ್ಪಾತು. ಅದಕ್ಕ ಎರಡನೇ ಮಾತೂ ಸುಳ್ಳು ಅಂದ್ರ ಹೆಂಗ್ರಿ? ಕಾರ್ಡ್ ಅದಽ ಇರಲಿ, ಹೇರೂ ಅದಽ ಇರಲಿ. ಸಪ್ಲೈ ಒಂದ ಬದಲಿ ಮಾಡತೀನಿ. ನಡೀಲಿಲ್ಲ ಅಂದ್ರ ಎಲ್ಲಾ ಬಿಚ್ಚಿ, ನಿಮ್ಮ ಪೆಟಿಗಿ ಹೆಂಗಿತ್ತೋ ಹಂಗ ಕಟ್ಟಿ ಕೊಡತೀನಿ.”

ಸಮೃದ್ಧಿ ನನ್ನ ಕಡೆ ನೋಡಲೇ ಇಲ್ಲ. “ಹಾಕ್ರಿ” ಎಂದಳು.

ಅವನು ಡಬ್ಬಿ ಬಿಚ್ಚುವಾಗ ಪ್ರತಿ ಸ್ಕ್ರೂ ಎಲ್ಲಿಗೆ ಹೋಗುತ್ತದೆ ಎಂದು ನಾನು ಕಣ್ಣಿಟ್ಟೇ ಕೂತಿದ್ದೆ. ಆದರೆ ತಲೆಯೊಳಗೆ ಆ ಮಾಸು ಎತ್ತು ಬಂದು ನಿಂತಿತು. ಅದನ್ನು ಅಪ್ಪ ಸಿಕ್ಕ ಬೆಲೆಗೆ ನಮ್ಮೂರ ಬೀರಣ್ಣನಿಗೆ ಕೊಟ್ಟಿದ್ದರು. ಬೀರಣ್ಣ ಕಬ್ಬಿನ ಹೇರು ಹೊಡೆಯುವವನು, ಅವನ ನೊಗ ಉದ್ದನೆಯದು. ಅದೇ ಎತ್ತು ಅದೇ ಕೆರೆಯ ಏರಿನಲ್ಲಿ ನಮ್ಮ ಮನೆಯ ಮುಂದೆಯೇ ಕಬ್ಬು ಎಳೆದುಕೊಂಡು ಹೋಗುತ್ತಿತ್ತು, ಎಷ್ಟೋ ಸುಗ್ಗಿ. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಬೀರಣ್ಣನ ದೈವ ಚಲೋ ಎಂದು ಅಪ್ಪ ಹೇಳುತ್ತಿದ್ದರು, ನಾವೂ ಹಾಗೇ ಹೇಳಿಕೊಂಡು ಬಂದೆವು. ನೊಗದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಹೊಸ ಸಪ್ಲೈ, ಆ ಪುಕ್ಕಟೆ ಕೇಬಲ್ ಎಲ್ಲ ಕೂತವು. ಮತ್ತೆ ಅಂಗಳ, ಕಟ್ಟೆ, ಬಾಗಿಲು. ಬಾಗಿಲು ತೆರೆಯುವಾಗ ಮೂವರೂ ಪರದೆಯ ಕಡೆ ಬಗ್ಗಿದ್ದೆವು. ತೆರೆಯಿತು. ಪಡಸಾಲೆ, ಅಡುಗೆಮನೆ, ಹಿತ್ತಲು, ಒಂದೊಂದೇ ಮುಗಿಯುತ್ತ ಹೋಯಿತು. ಫ್ಯಾನಿನ ಸಪ್ಪಳದಲ್ಲಿ ಏನಾದರೂ ಕರಕರ ಕೇಳುತ್ತದೆಯೇ ಎಂದು ನಾನು ಕಿವಿ ಕೊಟ್ಟೇ ಇದ್ದೆ. ಹೊರಗೆ ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಪೂರ್ತಿಯಾಯಿತು. ಅವಳು ಅಲ್ಲಿಂದಲೇ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಪ್ರಮಿಳಾಬಾಯಿಯ ಫೋನು. “ಅಡಗಿ ಮನಿ ಖಿಡಕಿ ಸಣ್ಣದಾತಲ್ಲವಾ, ದೊಡ್ಡದು ಮಾಡು. ಆಮ್ಯಾಲ ಮ್ಯಾಲಿನ ಮಾಳಿಗಿದೂ ನೀನಽ ಮಾಡಿಕೊಡು.” ಸಮೃದ್ಧಿ ಫೋನಿಟ್ಟು ನನ್ನ ಹೆಗಲಿಗೆ ಗುದ್ದಿದಳು. “ಈಗರ ಖುಷಿ ಆತಿಲ್ಲೋ ಮುದುಕಾ?”

ಕಾರ್ಡು, ಸಪ್ಲೈ ಎರಡರ ರೊಕ್ಕ ಅವಳು ಕೊಟ್ಟಳು, ನಾನು ಪೆಟ್ಟಿಗೆಗೆ ಹಗ್ಗ ಬಿಗಿಯತೊಡಗಿದೆ.

“ಕೇಬಲ್ಲಿನ ರೊಕ್ಕ ತಗೋ ತಮ್ಮಾ” ಎಂದೆ.

“ಪುಕ್ಕಟೆ ಅಂದೀನಲ್ರಿ ಅಜ್ಜಾರ.”

“ಅದಕ್ಕಽ ತಗೋ ಅನ್ನಾಕತ್ತೀನಿ. ಹಗ್ಗ ಕೊಂಡವರದಽ ಇರಬೇಕು.”

ಅವನಿಗೆ ತಿಳಿಯಲಿಲ್ಲ, ನಕ್ಕು ತೆಗೆದುಕೊಂಡ. ನಾನು ಫೋಟೋದ ಕಡೆ ನೋಡಿದೆ.

“ನಿಮ್ಮ ಅಜ್ಜ ನಮ್ಮಪ್ಪಗ ಒಂದು ಎತ್ತು ಮಾರಿದ್ದ.”

“ಹೌದೇನ್ರಿ? ಹೆಂಗಿತ್ರಿ ಎತ್ತು?”

ಹಗ್ಗದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದೆ.

“ಎತ್ತು ಚಲೋ ಇತ್ತು” ಎಂದೆ. “ನಮ್ಮ ನೊಗ ಸಣ್ಣದಿತ್ತು.”

ಸಮೃದ್ಧಿ ಆಗಲೇ ಕಾರಿನ ಬಾಗಿಲು ತೆರೆದು ನಿಂತಿದ್ದಳು. ಹೊರಡುವ ಮೊದಲು ನಾನು ಪೆಟ್ಟಿಗೆಯ ಜಾಲರಿಗೆ ಕಣ್ಣು ಹಚ್ಚಿ, ಆ ಹೊಸ ಫ್ಯಾನು ಅಲ್ಲೇ ಇದೆಯೇ ಎಂದು ಮತ್ತೊಮ್ಮೆ ನೋಡಿಕೊಂಡೆ.