ಮಡಚಲು ಜಾಗವಿಲ್ಲದ ಪೆಟ್ಟಿಗೆ

ಗೌಸ್ ಪೀರನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದ ಮೇಲೆ ಮದ್ದೂರಿನ ರೈಲ್ವೆ ಸ್ಟೇಷನ್ ರಸ್ತೆಯ ಆ ತಗಡಿನ ಅಂಗಡಿ ಒಂದು ತಿಂಗಳು ಮುಚ್ಚಿತ್ತು. ಆಮೇಲೆ ಅವನ ಹೆಂಡತಿ ಸರ್ವರ್ ಬೇಗಂ ಬಾಗಿಲು ತೆಗೆದಳು. ಗಂಡನನ್ನು ಮನೆಯಲ್ಲಿ ಒಂಟಿಯಾಗಿ ಬಿಡುವಂತಿರಲಿಲ್ಲ. ಹಾಗಾಗಿ ಅವನ ಮಂಚವನ್ನೂ ಅಂಗಡಿಗೇ ತಂದು ಗೋಡೆ ಪಕ್ಕ ಹಾಕಿದಳು. ಅವನು ಗೋಡೆಗೆ ಮುಖ ಮಾಡಿ ಮಲಗಿದ.

ಎರಡನೇ ಮಹಾಯುದ್ಧದ ಕಾಲ. ಹೊಸ ತಗಡು ಕಣ್ಣಿಗೆ ಬೀಳುತ್ತಿರಲಿಲ್ಲ. ಹಳೇ ಸೀಮೆಎಣ್ಣೆ ಡಬ್ಬಗಳನ್ನು ಒಡೆದು ಬಡಿದು ಚಪ್ಪಟೆ ಮಾಡಿಕೊಂಡು ಕೆಲಸ ನಡೆಸಬೇಕಿತ್ತು. ಸರ್ವರ್ ಬೇಗಂಗೆ ಬೆಸುಗೆ ಹಾಕುವುದು ಗೊತ್ತಿತ್ತು; ಮದುವೆಯಾದಾಗಿನಿಂದ ಗಂಡನ ಪಕ್ಕ ಕೂತು ಹಾಕಿದವಳೇ. ಸೋರುವ ಬಿಂದಿಗೆ, ತೂತು ಬಿದ್ದ ದೀಪದ ಬುರುಡೆ ಬಂದರೆ ಸರಿ. ಆದರೆ ತಗಡಿನ ಹಾಳೆ ಕತ್ತರಿಸುವ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಹೊಗೆ ಕುಡಿದು, ಗಂಡನನ್ನು ಆಸರೆ ಕೊಟ್ಟು ಮನೆಗೆ ಕರೆದೊಯ್ದು ಒಲೆ ಹಚ್ಚುವಾಗ ಅವಳಿಗೆ ಒಲೆಯ ಮುಂದೆಯೇ ತೂಕಡಿಕೆ ಬರುತ್ತಿತ್ತು.

ಹಾಗಿರುವಾಗ ಒಂದು ದಿನ ಮಳವಳ್ಳಿಯ ಬಸ್ಸಿನಿಂದಿಳಿದು ಒಬ್ಬರು ಮೇಷ್ಟ್ರು ಬಂದರು. ಮರಿಸಿದ್ದಯ್ಯ ಅಂತ ಹೆಸರು. ಅಲ್ಲಿನ ಶಾಲೆಯಲ್ಲಿ ಗಣಿತ ಹೇಳುತ್ತಿದ್ದರು. ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ದಾರಿಯಲ್ಲಿ ನಿಂತಾಗ ತಳ್ಳಿದ ಮಸಿ ಅವರ ಕೋಟಿಗೆ ಮೆತ್ತಿತ್ತು.

"ತಗಡಲ್ಲಿ ಒಂದು ಘನ, ಒಂದು ಶಂಕು, ಒಂದು ಗೋಳ ಬೇಕಮ್ಮ," ಅಂದರು. "ಬೋರ್ಡಿನ ಮೇಲೆ ವೃತ್ತ ಬರೆದರೂ ದುಂಡಗೆ, ಗೋಳ ಬರೆದರೂ ದುಂಡಗೆ. ಎರಡೂ ಒಂದೇ ಅಂತಾವೆ ಹುಡುಗರು. ಚುಕ್ಕೆಗೆರೆ ಹಾಕಿ ಹಾಕಿ ನನಗೂ ಸಾಕಾಗಿದೆ. ಕೈಗೆ ಕೊಟ್ಟುಬಿಡ್ತೀನಿ, ತಡವಿ ನೋಡ್ಕೊಳ್ಳಲಿ."

ಮಂಚದ ಮೇಲಿಂದ ಗೌಸ್ ಪೀರ್, ತಿರುಗದೆಯೇ, ಸೊಟ್ಟಬಾಯಲ್ಲಿ ಅಂದ: "ಆಗಲ್ಲ ಅನ್ನು."

"ಆಯ್ತದೆ ಬುಡಿ ಸ್ವಾಮಿ," ಅಂದಳು ಸರ್ವರ್ ಬೇಗಂ. ಯಾಕೆ ಹಾಗೆ ಅಂದಳೋ ಅವಳಿಗೇ ಗೊತ್ತಾಗಲಿಲ್ಲ. ಬೇಡ ಅಂತ ವಾದ ಮಾಡುವಷ್ಟು ಶಕ್ತಿಯೂ ಇರಲಿಲ್ಲವೇನೋ.

ಘನ ಕಷ್ಟವಾಗಲಿಲ್ಲ. ಆರು ಚೌಕ ಒಂದಕ್ಕೊಂದು ಅಂಟಿರುವಂತೆ ಕತ್ತರಿಸಿ, ಮಡಚಿ, ಅಂಚಿಗೆ ಬೆಸುಗೆ ಹಾಕಿದಳು. ಪೆಟ್ಟಿಗೆಯೇ ತಾನೆ. ಶಂಕುವಿನಲ್ಲಿ ಸಿಕ್ಕಿಬಿದ್ದಳು. ಬದಿಯಿಂದ ನೋಡಿದರೆ ತ್ರಿಕೋನ ಕಾಣುತ್ತದಲ್ಲ ಅಂತ ತಗಡನ್ನು ತ್ರಿಕೋನವಾಗಿ ಕತ್ತರಿಸಿ ಸುತ್ತಿದಳು. ಬಾಯಿ ಸಮವಾಗಿ ಕೂರಲಿಲ್ಲ; ಬೆಸುಗೆಯ ಕಡೆ ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಕೆಳಗಿಳಿಯಿತು. ಇನ್ನೊಂದು ಕತ್ತರಿಸಿದಳು, ಅದೂ ಹಾಗೆಯೇ. ಎರಡು ಡಬ್ಬದ ತಗಡು ಹಾಳಾಯಿತು.

"ಎಂಗೆ ಕತ್ತರಿಸದು, ಒಂದ್ ಮಾತು ಯೋಳಿ," ಅಂದಳು.

ಅವನು ಗೋಡೆಯನ್ನೇ ನೋಡುತ್ತಿದ್ದ.

ಅವಳು ಇನ್ನೊಮ್ಮೆ ಕೇಳಲಿಲ್ಲ. ಮೊಳೆಗೆ ನೇತುಹಾಕಿದ್ದ ಎಣ್ಣೆಯ ಲಾಳಿಕೆಯನ್ನು ಇಳಿಸಿ, ಕಾದ ಕಬ್ಬಿಣವನ್ನು ಅದರ ಬೆಸುಗೆಯ ಮೇಲೆ ಎಳೆದಳು. ಸೀಸ ಕರಗಿ ತೊಟ್ಟಿಕ್ಕಿತು. ಕೊಳವೆ ಕಳಚಿಕೊಂಡಿತು. ಉಳಿದದ್ದನ್ನು ಬಿಡಿಸಿ ನೆಲದ ಮೇಲಿಟ್ಟು ಅಂಗೈಯಿಂದ ಒತ್ತಿದಳು. ತ್ರಿಕೋನವಲ್ಲ, ದೊಡ್ಡ ರೊಟ್ಟಿಯಿಂದ ಮುರಿದುಕೊಂಡ ತುಂಡಿನ ಹಾಗೆ, ಕೆಳಗಿನ ಅಂಚು ಬಿಲ್ಲಿನಂತೆ ಬಾಗಿತ್ತು.

ಸದ್ದಿಗೆ ಗೌಸ್ ಪೀರ್ ಹೊರಳಿದ. ಆ ಲಾಳಿಕೆ ಅವನು ಹರೆಯದಲ್ಲಿ ಮಾಡಿದ್ದು, ಒಂದು ಹನಿ ಸೋರಿದ್ದಿಲ್ಲ.

"ಅದ್ನ ಯಾಕೆ ಬಿಚ್ಚ್ದೆ? ನನ್ನ ಕೇಳಬಾರ್ದಾಗಿತ್ತಾ?"

"ಕೇಳ್ದೆ. ಗೋಡೆ ಕಡೆ ನೋಡ್ತಿದ್ರಿ."

ಅವನ ಬಲಗಣ್ಣಿನಲ್ಲಿ ನೀರು ಬಂತು. ಕಾಯಿಲೆಯಿಂದ ಬಂತೋ, ಸಿಟ್ಟಿನಿಂದಲೋ. ಅವಳಿಗೆ ಅದನ್ನು ಒರೆಸಲು ಏಳುವುದೂ ಬೇಸರವಾಯಿತು. ಕೂತೇ ಇದ್ದಳು. ಅವನೇ ಅಂದ: "ತಗಡಿಗೆ ಮೊಳೆ ಒಡಿ. ದಾರ ಕಟ್ಟು. ದಾರದ ತುದೀಲಿ ಗೆರೆ ಎಳಿ. ಎಷ್ಟು ಅಗಲ ಕತ್ತರಿಸ್ಬೇಕು ಅಂತ ನಾ ಯೋಳ್ತೀನಿ."

ಸಂಜೆಯೊಳಗೆ ಶಂಕು ಆಯಿತು. ನೆಲದ ಮೇಲಿಟ್ಟರೆ ಅಲುಗಲಿಲ್ಲ.

ಗೋಳ ಮಾತ್ರ ಕೈಕೊಟ್ಟಿತು. "ಚಪ್ಪಟೆ ಹಾಳೆ ಅದಕ್ಕೆ ಬಗ್ಗಲ್ಲ ಕಣೆ. ಎರಡು ಬಟ್ಟಲು ಬಡಿದು ಸೇರಿಸ್ಬೇಕು," ಅಂದ ಅವನು. ಹುಣಸೆ ಕೊರಡಿನ ಗುಳಿಯಲ್ಲಿ ತಗಡನ್ನಿಟ್ಟು ಅವಳು ಬಡಿದಳು. ಭುಜ ಸೋತು ಸುತ್ತಿಗೆ ಎಲ್ಲೆಲ್ಲೋ ಬಿತ್ತು. ಬಟ್ಟಲು ಸುಕ್ಕುಗಟ್ಟಿತು. ಸೇರಿಸಿದರೆ ತುಳಿಸಿಕೊಂಡ ಕುಂಬಳಕಾಯಿಯಂತೆ ಕಂಡಿತು.

ಸಾಮಾನು ಒಯ್ಯಲು ಬಂದ ಮರಿಸಿದ್ದಯ್ಯ ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ಬೇಡಮ್ಮ, ಬೇಜಾರು ಮಾಡ್ಕೋಬೇಡಿ. ಗೋಳಕ್ಕೆ ಬೇಲದ ಹಣ್ಣು ತಗೊಂಡು ಹೋಗ್ತೀನಿ." ಘನವೂ ಶಂಕುವೂ ಅವರಿಗೆ ಬಹಳ ಹಿಡಿಸಿದವು. ಘನಕ್ಕೆಂದು ಅವಳು ಮೊದಲು ಕಾಗದದಲ್ಲಿ ಕತ್ತರಿಸಿಕೊಂಡಿದ್ದ ಆರು ಚೌಕದ ಅಳತೆ ಅಲ್ಲೇ ಬಿದ್ದಿತ್ತು. ಅದನ್ನೆತ್ತಿ ಮಡಚಿ, ಬಿಚ್ಚಿ, ಮೇಷ್ಟ್ರು ಮಂಚದ ಅಂಚಿಗೆ ಕೂತರು.

"ಪೀರ್ ಸಾಹೇಬ್ರೆ, ಒಂದು ಸೋಜಿಗ ಕೇಳಿ. ಆರು ಚೌಕ ಮಡಚಿದ್ರೆ ಒಂದು ಪೆಟ್ಟಿಗೆ. ಹಾಗೇ ಎಂಟು ಪೆಟ್ಟಿಗೆ ಮಡಚಿದ್ರೆ ಇನ್ನೊಂದು ಆಕಾರ ಆಗುತ್ತಂತೆ. ಉದ್ದ, ಅಗಲ, ಎತ್ತರ ಅಲ್ಲದೆ ನಾಲ್ಕನೇ ದಿಕ್ಕೊಂದು ಬೇಕು ಅದಕ್ಕೆ."

"ಪೆಟ್ಟಿಗೇನ ಎಲ್ಲಿಗ್ ಮಡಚ್ತಾರೆ ಸ್ವಾಮಿ?"

"ಅದೇ ನೋಡಿ. ಮಡಚೋಕೆ ನಮ್ಮಲ್ಲಿ ಜಾಗ ಇಲ್ಲ. ಆ ದಿಕ್ಕನ್ನ ಯಾರೂ ಕಂಡಿಲ್ಲ. ಲೆಕ್ಕದಲ್ಲಿ ಮಾತ್ರ ಇದೆ."

ಗೌಸ್ ಪೀರ್ ಕಣ್ಣು ಮುಚ್ಚಿಕೊಂಡ. ನಿದ್ದೆ ಹೋದನೆಂದುಕೊಂಡು ಮೇಷ್ಟ್ರು ಎದ್ದರು. ಅಷ್ಟರಲ್ಲಿ ಅವನು ಕೇಳಿದ: "ಬಿಚ್ಚಿಟ್ಟಾಗ ಎಂಗಿರ್ತದೆ?"

"ನಾಲ್ಕು ಒಂದರ ಮೇಲೊಂದು. ಮೇಲಿಂದ ಎರಡನೇದರ ನಾಲ್ಕು ಪಕ್ಕಕ್ಕೂ ಒಂದೊಂದು."

"ಬಿಚ್ಚಿರೋದ್ನ ಮಾಡ್ಬೋದಲ್ಲ. ನಾವು ಮಾಡ್ಕೊಡ್ತೀವಿ."

ಸರ್ವರ್ ಬೇಗಂ ಕತ್ತರಿಯನ್ನು ಕೆಳಗಿಟ್ಟಳು. "ಎಂಟು ಪೆಟ್ಟಿಗೆ ಮಾಡೋರ್ ಯಾರು? ನನ್ನ ಕೈಯಲ್ಲಿ ಇನ್ನ ಆಗಲ್ಲ ಕಣ್ರೀ."

"ನಾ ಇಡ್ಕತೀನಿ," ಅಂದ ಅವನು. "ನೀನು ಬರೀ ಕತ್ತರಿಸು."

ಮರುದಿನ ಅವನನ್ನು ಮಂಚದಿಂದಿಳಿಸಿ ಕೊರಡಿಗೆ ಒರಗಿಸಿ ಕೂರಿಸಿದಳು. ಅವನು ಎಡಗಾಲಿನಿಂದ ಹಾಳೆ ಮೆಟ್ಟಿ, ಎಡಗೈಯಿಂದ ಅಂಚು ಹಿಡಿದ. ಹಾಳೆ ಜಾರುತ್ತಿತ್ತು. ಅವನು ಮತ್ತೆ ಹಿಡಿಯುವವರೆಗೆ ಅವಳು ಕತ್ತರಿ ತೆರೆದುಕೊಂಡೇ ಕಾಯುತ್ತಿದ್ದಳು. ಒಬ್ಬಳೇ ಮಾಡಿದ್ದರೆ ಬೇಗ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. "ನೆಟ್ಟಗೆ ಕತ್ತರಿಸು, ಕಣ್ಣು ಎಲ್ಲಿಟ್ಟಿದ್ದೀ?" ಅಂತ ಅವನು ಗದರಿದಾಗ, ಹಳೆಯ ಗೌಸ್ ಪೀರನ ದನಿ ಕೇಳಿ ಅವಳಿಗೆ ರೇಗಲೂ ಆಗಲಿಲ್ಲ.

ವಾರವಾದ ಮೇಲೆ ಮೇಷ್ಟ್ರು ಆ ವಿಚಿತ್ರ ಸಾಮಾನನ್ನು ಬಸ್ಸಿನ ಮೇಲೆ ಹಗ್ಗ ಬಿಗಿದು ಕಟ್ಟಿಸಿದರು. "ಪಾರಿವಾಳದ ಗೂಡಾ ಸ್ವಾಮಿ?" ಅಂತ ಕಂಡಕ್ಟರ್ ಕೇಳಿದ. ಮೇಷ್ಟ್ರು ನಕ್ಕು, ಹೂಂ ಅಂದುಬಿಟ್ಟರು.

ಬಸ್ಸು ಹೋದ ಮೇಲೆ ಸರ್ವರ್ ಬೇಗಂ ತಗಡಿನ ಚೂರುಗಳನ್ನು ಕಾಲಿನಿಂದ ಅತ್ತ ಸರಿಸಿ, ಸೆರಗು ಹಾಸಿ, ಬರೀ ನೆಲದ ಮೇಲೆ ಮಲಗಿದಳು. ಹಾಡುಹಗಲು. ಹಾಗೆ ಅವಳು ಅಂಗಡಿಯಲ್ಲಿ ಯಾವತ್ತೂ ಮಲಗಿದವಳಲ್ಲ. ಕಣ್ಣು ಹತ್ತುತ್ತಿದ್ದಾಗ ಯಾರೋ ಬಂದು ಬಾಗಿಲಲ್ಲಿ ನಿಂತದ್ದು ತಿಳಿಯಿತು. ತರಕಾರಿ ಮಾರುವ ಬೀರಮ್ಮ. ಸೋರುವ ಬಿಂದಿಗೆ ತಂದಿದ್ದಳು. ಏಳಬೇಕೆಂದುಕೊಂಡರೂ ಮೈ ಏಳಲಿಲ್ಲ.

"ಬಿಂದಿಗೆ ಅಲ್ಲೇ ಇಟ್ಟೋಗವ್ವ," ಅಂದ ಗೌಸ್ ಪೀರ್. "ನಾಳೆ ಬಾ. ಅವ್ಳು ಮಲಗವ್ಳೆ."